ಸದಾಶಿವಗಡದ ಹಸಿರು ಯಾವ ಟ್ಯೂಬಿನಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ಪಕ್ಕದ ಕೋಣೆಯಲ್ಲಿ ನಿಮ್ಮ ಆಯಿಲ್ ಪೇಂಟಿಂಗುಗಳನ್ನು ನೋಡುತ್ತಿದ್ದೆ. ಕೈ ಪಳಗಿದೆ, ಡ್ರಾಯಿಂಗ್ ಗಟ್ಟಿಯಾಗಿದೆ, ಸಂತೋಷ. ಆದರೆ ಶಿರಸಿಯಿಂದ ಬಂದವರು, ಅಂಕೋಲೆಯವರು, ಭಟ್ಕಳದವರು, ಇಲ್ಲೇ ಕಾರವಾರದವರು, ಬಹಳ ಜನ ಒಂದೇ ರಸ್ತೆ ಬರೆದಿದ್ದೀರಿ. ರಾತ್ರಿ ಹೊತ್ತು, ಮಳೆ ನಿಂತ ರಸ್ತೆ, ಬಣ್ಣ ಹಚ್ಚುವ ನೈಫಿನಲ್ಲಿ ದಪ್ಪಗೆ ಮೆತ್ತಿದ ಕಿತ್ತಳೆ ದೀಪ, ಒಂದೇ ಕೊಡೆಯಲ್ಲಿ ಇಬ್ಬರು. ಇದು ಯಾವ ಊರಮ್ಮ ಅಂತ ಒಬ್ಬಳನ್ನು ಕೇಳಿದೆ. "ಗೊತ್ತಿಲ್ಲ ಸರ್, ಮೊಬೈಲಲ್ಲಿ ಸಿಕ್ತು" ಅಂದಳು. ಆಮೇಲೆ ಅವಳೇ ಕೇಳಿದಳು: "ನಂದೇ ಅಂತ ಒಂದು ಸ್ಟೈಲ್ ಯಾವಾಗ ಬರ್ತದೆ ಸರ್?"

ಒಳ್ಳೆಯ ಪ್ರಶ್ನೆ. ಇವತ್ತು ನಾನು ಮಾತಾಡುವುದೆಲ್ಲ ಆ ಪ್ರಶ್ನೆಗೇ.

ಶೈಲಿ ಮೊದಲು ಹುಟ್ಟುವುದು ಕಣ್ಣಿನಲ್ಲಿ, ಕೈಗೆ ಇಳಿಯುವುದು ಆಮೇಲೆ. ಬೇರೊಬ್ಬರು ನೋಡಿ, ಆರಿಸಿ, ಬಣ್ಣ ನಿರ್ಧರಿಸಿ ಮುಗಿಸಿದ ಚಿತ್ರವನ್ನು ನೀವು ಬರೆಯಲು ಕೂತರೆ ನಿಮ್ಮ ಕಣ್ಣಿಗೆ ಅಲ್ಲಿ ಏನು ಕೆಲಸ ಉಳಿದಿದೆ ಹೇಳಿ?

ನಮಗೆ ಕುಮಟೆಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ರಜೆಯಲ್ಲಿ ಏಳೆಂಟು ಹುಡುಗರನ್ನು ಬಸ್ಸು ಹತ್ತಿಸಿ ಬೈತಖೋಲ ಬಂದರಕ್ಕೆ ಕರೆತರುತ್ತಿದ್ದರು. ಬಿಳಿ ಬಿಟ್ಟರೆ ಮೂರೇ ಬಣ್ಣದ ಟ್ಯೂಬು: ನೀಲಿಗೆ ಅಲ್ಟ್ರಾಮರೀನ್, ಕೆಂಗಂದಿಗೆ ಬರ್ನ್ಟ್ ಸಿಯೆನ್ನಾ, ಮಣ್ಣು ಹಳದಿಗೆ ಯೆಲ್ಲೋ ಓಕರ್. ಕಪ್ಪು ತರುವ ಹಾಗಿಲ್ಲ, ಹಸಿರು ತರುವ ಹಾಗಿಲ್ಲ. ಒಂದು ಸಲ ದಡಕ್ಕೆ ಕಟ್ಟಿದ ಒಂದು ದೋಣಿ ತೋರಿಸಿ, ಎಲ್ಲರೂ ಇದನ್ನೇ ಬರೆಯಿರಿ ಅಂದರು. ನಾವು ಕೂತ ಕಡೆ ಒಬ್ಬ ಮೀನುಗಾರ ಹೆಂಗಸು ಬುಟ್ಟಿ ಮುಂದಿಟ್ಟುಕೊಂಡು ಮೀನು ವಿಂಗಡಿಸುತ್ತ ಕೂತಿದ್ದಳು. ನಮ್ಮನ್ನೂ ನೋಡುತ್ತಿದ್ದಳು. ಸಂಜೆ ಮಾಸ್ತರರು ಎಲ್ಲ ಚಿತ್ರಗಳನ್ನು ಗೋಡೆಗೆ ಒರಗಿಸಿ ಆಕೆಯನ್ನೇ ಕರೆದರು. "ಯಾವುದು ಯಾರದ್ದು ಹೇಳು ನೋಡುವಾ" ಅಂದರು. ಸಹಿ ಯಾವುದರಲ್ಲೂ ಇರಲಿಲ್ಲ. ನಮಗೆಲ್ಲ ನಗು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಒಂದೊಂದರ ಮುಂದೆಯೂ ನಿಂತಳು. "ಇದು ಆ ಗಿಡ್ಡ ಹುಡುಗಂದು. ಅಂವ ದೋಣಿ ಎಲ್ಲಿ ನೋಡ್ದ? ಬೆಳಿಗ್ಗೆಯಿಂದ ಹಗ್ಗಾನೇ ನೋಡ್ತಿದ್ದ." ಹೌದು, ಆ ಚಿತ್ರದಲ್ಲಿ ಹಗ್ಗ ತೋಳಿನಷ್ಟು ದಪ್ಪ, ದೋಣಿ ಬಡಕಲು. ನನ್ನದನ್ನು ತೋರಿಸಿ, "ಇದು ಈ ಉದ್ದನೆಯವಂದು, ಇವಂಗೆ ನೀರು ಬಿಟ್ರೆ ಬೇರೆ ಕಾಣ್ಲೇ ಇಲ್ಲ" ಅಂದಳು. ಹೆಚ್ಚು ಕಡಿಮೆ ಎಲ್ಲರದನ್ನೂ ಸರಿಯಾಗಿ ಹೇಳಿದಳು. ಚಿತ್ರಕಲೆ ಕಲಿತವಳಲ್ಲ. ನಾವು ಏನನ್ನು ನೋಡುತ್ತಿದ್ದೆವು ಅನ್ನುವುದನ್ನು ಇಡೀ ದಿನ ನೋಡಿದ್ದಳು, ಅಷ್ಟೇ.

ಬೇರೆ ಮಾಸ್ತರರಾಗಿದ್ದರೆ ಆ ಹುಡುಗನಿಗೆ ಪ್ರಮಾಣ ಸರಿಮಾಡು ಅನ್ನುತ್ತಿದ್ದರು. ನಮ್ಮವರು ಮುಂದಿನ ಸಲ ಅದೇ ದೋಣಿಯ ಮುಂದೆ ಕೂರಿಸಿ, "ಹಗ್ಗ ಸಣ್ಣ ಮಾಡಬೇಡ ಮಾರಾಯ, ದೋಣಿಯನ್ನೇ ಬಿಡು" ಅಂದರು. ಅವನು ಹಗ್ಗ ಬರೆದ, ಗಂಟು ಬರೆದ, ಆಮೇಲೆ ಒಣಗಲು ಹಾಕಿದ ಬಲೆಗಳಿಗೆ ಹೋದ. ಅವನ ಬಲೆಯ ಚಿತ್ರವನ್ನು ನೂರು ಚಿತ್ರಗಳ ನಡುವೆ ಇಟ್ಟರೂ ನಾನು ಗುರುತಿಸುತ್ತೇನೆ. ಅವನು ಶೈಲಿ ಹುಡುಕಿಕೊಂಡು ಹೋದವನಲ್ಲ. ಹಗ್ಗ ಬಿಡಲಿಲ್ಲ.

ಇನ್ನು ಬಣ್ಣ. ಇಷ್ಟು ಚಿತ್ರಗಳಲ್ಲಿ ಒಂದೇ ಹಸಿರು ಯಾಕಿದೆ? ಎಲ್ಲರೂ ಟ್ಯೂಬಿನ ಸಿದ್ಧ ಹಸಿರು, ಸ್ಯಾಪ್ ಗ್ರೀನ್, ಹಿಂಡಿದ್ದೀರಿ. ಇಲ್ಲಿಂದ ಕಾಳಿ ನದಿಯ ಸೇತುವೆಗೆ ಹೋಗಿ ಸದಾಶಿವಗಡದ ಗುಡ್ಡ ನೋಡಿ. ಜುಲೈಯಲ್ಲಿ ಅದು ನೀಲಿಗೆ ತಿರುಗಿದ ಹಸಿರು, ದೀಪಾವಳಿ ಹೊತ್ತಿಗೆ ಹಳದಿ ಇಣುಕುತ್ತದೆ, ಏಪ್ರಿಲಿನಲ್ಲಿ ಹುಲ್ಲು ಸುಟ್ಟು ಕೆಳಗಿನ ಕೆಂಪು ಮೇಲೆ ಬರುತ್ತದೆ. ಯಾವ ಕಂಪನಿಯೂ ಅದನ್ನು ಟ್ಯೂಬಿನಲ್ಲಿ ತುಂಬಿ ಕೊಡುವುದಿಲ್ಲ. ಅಲ್ಟ್ರಾಮರೀನಿಗೆ ಓಕರ್ ಸೇರಿಸಿ, ಒಂದು ಚಿಟಿಕೆ ಸಿಯೆನ್ನಾ ಬಿಟ್ಟು ನೋಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಎರಡೇ ಬೆರೆಸಿದರೂ ಸಾಕು, ನಮ್ಮ ಆಷಾಢದ ಸಮುದ್ರದ ಬೂದು ಅದರಲ್ಲಿದೆ. ಬೆಚ್ಚಗಿನ ಬೂದು, ತಣ್ಣಗಿನ ಬೂದು, ಹೇಗೆ ಬೇಕೋ ಹಾಗೆ. ಬೆರಕೆಯ ಅಳತೆ ಒಬ್ಬೊಬ್ಬರಿಗೆ ಒಂದೊಂದು. ಅಲ್ಲಿಂದಲೇ ನಿಮ್ಮ ಬಣ್ಣ ಶುರು.

ಬರ್ನ್ಟ್ ಸಿಯೆನ್ನಾ ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತಿದೆ, ನಿಜ. ಆದರೆ ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ನಮ್ಮ ಚಿರೆಕಲ್ಲಿನ ಕೆಂಪೂ ಅದೇ. ಈ ಕರಾವಳಿಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ನೋಡಿದ್ದೀರಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿಯಿರುವಾಗಲೇ ಕೆರೆದು ಕೆಳಗಿನ ಬಿಳಿ ತೆಗೆಯುತ್ತಿದ್ದರು. ಕೆಂಪು, ಬಿಳಿ ಎರಡೇ. ಅಷ್ಟರಲ್ಲೇ ದೇವರು, ಆನೆ, ಬಳ್ಳಿ ಎಲ್ಲ ಬಂದವು, ಮತ್ತು ಯಾರು ನೋಡಿದರೂ ಇದು ಕಾವಿ ಅನ್ನುತ್ತಾರೆ. ಬಣ್ಣ ಕಡಿಮೆ ಮಾಡಿಕೊಳ್ಳಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಹಾಗಾದರೆ ನಕಲು ಮಾಡಲೇಬಾರದಾ ಅಂತ ಕೇಳಬಹುದು. ಖಂಡಿತ ಮಾಡಿ. ವ್ಯಾನ್ ಗೋ 1889ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನು ನಕಲು ಮಾಡಿದ. ಕೈಯಲ್ಲಿದ್ದದ್ದು ಕಪ್ಪುಬಿಳುಪು ಮುದ್ರಣ. ಬಣ್ಣವನ್ನು ಅವನೇ ಹಾಕಬೇಕಾಯಿತು. ಹಾಗಾಗಿ ಸಂಯೋಜನೆ ಮಿಲೆಯದ್ದು, ಚಿತ್ರ ಮಾತ್ರ ಪೂರ್ತಿ ವ್ಯಾನ್ ಗೋನದ್ದು. ನೀವೂ ಹಾಗೆ ಮಾಡಿ: ಇಷ್ಟದ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪುಬಿಳುಪು ಮಾಡಿಟ್ಟುಕೊಂಡು ಬರೆಯಿರಿ. ಬಣ್ಣದ ನಿರ್ಧಾರ ನಿಮ್ಮ ಮೇಲೆ ಬೀಳುತ್ತದೆ.

ಬೇರೆಯವರಿಂದ ಕಲಿತೂ ತನ್ನದಾಗಿಸಿಕೊಳ್ಳಬಹುದು. ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಹೊರಟ ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತರು, ಚಿತ್ರಕಾರರಾದ ಅಮೃತಾ ಶೇರ್‌ಗಿಲ್ ಮತ್ತು ಗೋಗ್ಯಾಂ ಅವರ ಪ್ರಭಾವಕ್ಕೆ ಮನಸ್ಸು ಕೊಟ್ಟರು, ಪ್ಯಾರಿಸ್ಸಿಗೂ ಹೋಗಿ ಕಲಿತರು. ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಅವರ ರೇಖೆ ಕುಣಿಯುತ್ತದೆ ಅನ್ನುತ್ತೇವಲ್ಲ, ಆ ಕುಣಿತ ಮೈಯಲ್ಲೂ ಇತ್ತು.

ಯಕ್ಷಗಾನದ ಜಿಲ್ಲೆಯಲ್ಲಿ ನಿಂತು ಇದನ್ನು ಇಷ್ಟು ವಿವರಿಸಬೇಕೇ? ಚಿತ್ತಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದವರು ಇಲ್ಲಿ ಎಷ್ಟು ಜನ ಇಲ್ಲ! ಪದ್ಯ ಅದೇ, ತಾಳ ಅದೇ, ಪರಂಪರೆಯ ವೇಷ. ಆದರೂ ರಂಗಕ್ಕೆ ಬಂದ ಕೂಡಲೇ ಇದು ಚಿತ್ತಾಣಿ ಅಂತ ಕೊನೆಯ ಸಾಲಿನವನಿಗೂ ಗೊತ್ತಾಗುತ್ತಿತ್ತು. ಅವರ ಹೆಜ್ಜೆ ಅನುಕರಿಸಿದವರು ಬಹಳ. ಹೆಜ್ಜೆ ಸಿಕ್ಕಿತು, ಪಾತ್ರದೊಳಗೆ ಅವರು ಕಂಡದ್ದು ಸಿಗಲಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮಳೆಗಾಲದ ಬಗ್ಗೆ ಹೇಳದೆ ಇಳಿಯುವುದಿಲ್ಲ, ಕ್ಷಮಿಸಿ.

ಆಯಿಲ್ ಒಣಗುವುದು ನೀರು ಆರಿದ ಹಾಗಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ನಮ್ಮ ತೇವದಲ್ಲಿ ಅದು ನಿಧಾನ. ಜೂನಿನಲ್ಲಿ ನೈಫಿನಿಂದ ದಪ್ಪಗೆ ಮೆತ್ತಿದ್ದು ತಿಂಗಳುಗಟ್ಟಲೆ ಬೆರಳಿಗೆ ಅಂಟುತ್ತದೆ, ಕ್ಯಾನ್ವಾಸಿನ ಹಿಂದೆ ಬೂಸಲು ಬರುತ್ತದೆ. ಅದಕ್ಕೇ ಇಲ್ಲಿ ಬಹಳ ಜನ ಮಳೆಗಾಲದಲ್ಲಿ ಕುಂಚ ಎತ್ತಿಡುತ್ತಾರೆ. ಎತ್ತಿಡಬೇಡಿ! ನಮ್ಮ ಮಾಸ್ತರರು ಮಳೆಯಲ್ಲಿ ಟರ್ಪೆಂಟೈನ್ ಹಾಕಿ ತೆಳ್ಳಗೆ ಬರೆಯುತ್ತಿದ್ದರು, ಬೇಗ ಒಣಗುವ ಅಂಬರ್ ಅನ್ನುವ ಕಂದು ಬಣ್ಣ ಮೊದಲ ಪದರಕ್ಕೆ, ಎಣ್ಣೆ ಹೆಚ್ಚಿರುವ ಬಣ್ಣ ಮೇಲಿನ ಪದರಕ್ಕೆ. ನಡುವೆ ಕ್ಯಾನ್ವಾಸಿನ ಬಿಳಿ ಹಾಗೇ ಬಿಡುತ್ತಿದ್ದರು. ಹವೆಯ ಕಾಟಕ್ಕೆ ಹಿಡಿದ ಆ ತೆಳು ಬರವಣಿಗೆ ಕೊನೆಗೆ ಅವರ ಗುರುತೇ ಆಯಿತು. ಬೇಸಿಗೆಯಲ್ಲೂ ಬಿಡಲಿಲ್ಲ.

ಚಿತ್ರ ಮುಗಿದ ಮೇಲೆ ವಾರ್ನಿಶ್ ಬಳಿಯಲು ಆರು ತಿಂಗಳಾದರೂ ಕಾಯಿರಿ, ಅಷ್ಟು ನೆನಪಿರಲಿ.

ನಾಳೆ ಬೆಳಿಗ್ಗೆ ಆರೂವರೆಗೆ ಕಾಳಿ ದಂಡೆಯಲ್ಲಿ, ಗಡದ ಗುಡ್ಡ ಎದುರಿಗೆ ಕಾಣುವ ಕಡೆ ಸೇರೋಣ. ಬಿಳಿ ಮತ್ತು ಮೂರು ಟ್ಯೂಬು, ಹಳೆ ಬಟ್ಟೆ, ಕೊಡೆ ತನ್ನಿ. ಎಲ್ಲರೂ ಅದೇ ಗುಡ್ಡ ಬರೆಯುತ್ತೇವೆ. ಈಗ ಕೇಳುವುದಿದ್ದರೆ ಕೇಳಿ, ಊಟದವರೆಗೆ ಇಲ್ಲೇ ಇರುತ್ತೇನೆ.