ಟೆಕ್ಸಾಸಿನಿಂದ ಅರ್ಜೆಂಟೀನಾದವರೆಗೆ ಒಂದೇ ಕೂಗು

ಕೇಳುಗರಿಗೆ ನಮಸ್ಕಾರ.

ಮುಸ್ಸಂಜೆಯಲ್ಲಿ ಉಗಿಬಂಡಿಯ ಸಿಳ್ಳೆಯಂತೆ ಮರದ ಮೇಲಿಂದ ಕೂಗುವ ಜೀರುಂಡೆಯೊಂದು ದಕ್ಷಿಣ ಅಮೆರಿಕದಲ್ಲಿದೆ. ಅದರ ವೈಜ್ಞಾನಿಕ ಹೆಸರು ಕ್ವೆಸಾಡಾ ಗಿಗಾಸ್.

ಜೀರುಂಡೆಯನ್ನು ಮಿಡತೆಯ ಬಳಗಕ್ಕೆ ಸೇರಿಸಿ ಮಾತನಾಡುವವರು ಬಹಳ. ಕೂಗನ್ನು ಬಿಟ್ಟು ಬಾಯಿಯನ್ನು ನೋಡಿದರೆ ನಂಟು ಬೇರೆಯೇ ಎಂದು ತಿಳಿಯುತ್ತದೆ. ಮಿಡತೆ ಎಲೆ ಕಡಿದು ಅಗಿಯುತ್ತದೆ; ಜೀರುಂಡೆಗೆ ಇರುವುದು ರಸ ಹೀರುವ ಸೂಜಿಯಂಥ ಕೊಳವೆ. ಹಾಗಾಗಿ ತಿಗಣೆ, ಸಸ್ಯಹೇನು, ಜಿಗಿಹುಳುಗಳೇ ಅದರ ದಾಯಾದಿಗಳು. ಇವೆಲ್ಲ ಹೆಮಿಪ್ಟೆರಾ ಗಣಕ್ಕೆ ಸೇರಿದವು. ಕೂಗುವ ಬಗೆಯೂ ಬೇರೆ. ಗಂಡು ಜೀರುಂಡೆಯ ಹೊಟ್ಟೆಯ ಬುಡದಲ್ಲಿ ಎರಡೂ ಬದಿಗೆ ಗೆರೆಗೆರೆಯಾದ ಪೊರೆಗಳಿವೆ. ಸ್ನಾಯು ಅವನ್ನು ಕ್ಷಣಕ್ಷಣಕ್ಕೂ ಎಳೆದು ಬಿಡುತ್ತದೆ, ಟೊಳ್ಳು ಹೊಟ್ಟೆ ಆ ಸದ್ದನ್ನು ಹಿಗ್ಗಿಸುತ್ತದೆ.

ಫ್ರಾನ್ಸಿನ ಒಲಿವಿಯೆ 1790ರಲ್ಲಿ ಈ ಕೀಟವನ್ನು ವಿವರಿಸಿದಾಗ ಸಿಕಾಡಾ ಎಂಬ ಕುಲದಲ್ಲಿಟ್ಟರು. ಆ ಕಾಲಕ್ಕೆ ಲೋಕದ ಜೀರುಂಡೆಗಳನ್ನೆಲ್ಲ ತುಂಬುತ್ತಿದ್ದ ದೊಡ್ಡ ಬುಟ್ಟಿ ಅದು. ಕ್ವೆಸಾಡಾ ಎಂಬ ಈಗಿನ ಕುಲವನ್ನು 1905ರಲ್ಲಿ ಕಟ್ಟಿಕೊಟ್ಟವರು ಇಂಗ್ಲೆಂಡಿನ ಡಿಸ್ಟಂಟ್. ಭಾರತದ ಅನೇಕ ಜೀರುಂಡೆಗಳಿಗೆ ಹೆಸರಿಟ್ಟವರೂ ಅವರೇ. ಗಿಗಾಸ್ ಎಂದರೆ ದೈತ್ಯ. ಗಾತ್ರ ನೋಡಿದರೆ ಹೆಸರು ಒಪ್ಪುತ್ತದೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದರ ಹರವು. ಎಷ್ಟೋ ಜೀರುಂಡೆಗಳು ಒಂದು ಬೆಟ್ಟಸಾಲು, ಒಂದು ಕಾಡಿಗಷ್ಟೇ ಸೀಮಿತ. ಇದಾದರೋ ಅಮೆರಿಕದ ಟೆಕ್ಸಾಸಿನ ದಕ್ಷಿಣ ಭಾಗದಿಂದ ಮೆಕ್ಸಿಕೊ, ಮಧ್ಯ ಅಮೆರಿಕ, ಬ್ರೆಜಿಲ್ ದಾಟಿ ಅರ್ಜೆಂಟೀನಾದವರೆಗೆ ಹಬ್ಬಿದೆ.

ಬ್ರೆಜಿಲಿನ ಮಿನಾಸ್ ಜೆರೈಸ್, ಸಾವೊ ಪಾವ್ಲೊ ರಾಜ್ಯಗಳ ಕಾಫಿ ಬೆಳೆಗಾರರಿಗೆ ಇದು ಶತ್ರು. ಮರಿಗಳು ಮಣ್ಣಿನೊಳಗೆ ಕಾಫಿ ಬೇರಿಗೆ ಕೊಳವೆ ಚುಚ್ಚಿ ರಸ ಹೀರುತ್ತವೆ. ಗಿಡ ಸೊರಗುತ್ತದೆ, ಎಲೆ ಉದುರುತ್ತದೆ, ಫಸಲು ಕುಗ್ಗುತ್ತದೆ. ಮರಿಗಳು ಹೊರಬಿದ್ದ ದುಂಡು ತೂತುಗಳನ್ನು ಗಿಡದ ಬುಡದಲ್ಲಿ ಕಂಡಾಗ ಬೆಳೆಗಾರನಿಗೆ ಆಗುವ ಸಂಕಟವನ್ನು ಕೊಡಗು, ಚಿಕ್ಕಮಗಳೂರಿನಲ್ಲಿ ಕಾಂಡಕೊರಕದಿಂದ ಗಿಡ ಕಳೆದುಕೊಂಡವರು ಬಲ್ಲರು.

ಅದೇ ಕೀಟ ಅರ್ಜೆಂಟೀನಾದ ಸಾಂತಿಯಾಗೊ ದೆಲ್ ಎಸ್ತೆರೊ ಪ್ರಾಂತ್ಯದಲ್ಲಿ ಜನರ ಅಕ್ಕರೆಯ ‘ಕೊಯೂಯೊ’. ಅಲ್ಲಿನ ಒಣನೆಲದಲ್ಲಿ ಅಲ್ಗರೋಬೊ ಮರ ಬೆಳೆಯುತ್ತದೆ. ಅದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಅದರ ಸಿಹಿ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡಿ ‘ಪತಾಯ್’ ಎಂಬ ರೊಟ್ಟಿ ಮಾಡುತ್ತಾರೆ, ಹುಳಿಬರಿಸಿ ಪಾನೀಯವನ್ನೂ ತಯಾರಿಸುತ್ತಾರೆ. ಕೊಯೂಯೊ ಹಾಡಿದರೇ ಆ ಕಾಯಿ ಮಾಗುವುದು ಎಂದು ಅಲ್ಲಿನ ಹಿರಿಯರು ನಂಬಿದ್ದರು. ಬೇಸಿಗೆಯ ಮೊದಲ ಕೂಗು ಕೇಳಿದಾಗ ಅವರ ಕಣ್ಣು ಹೋಗುತ್ತಿದ್ದುದು ಕೊಂಬೆಯಲ್ಲಿ ಜೋತ ಹಸಿರು ಕಾಯಿಗಳ ಕಡೆಗೆ.