ಬೊಂಬೆಯ ಮೇಲೆ ಬರೆಯುವ ಬೆಳಕು

ಕೇಳುಗರಿಗೆ ನಮಸ್ಕಾರ.

ಮೇಜಿನ ಮೇಲೆ ಯುದ್ಧ ಹೂಡುವ ಆಟಗಳಿವೆ. ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಸೈನ್ಯ ನಡೆಸುವ ಆಟಗಳು. ಸೈನಿಕರ ಎತ್ತರ ಹೆಚ್ಚುಕಡಿಮೆ 28 ಮಿಲಿಮೀಟರ್. ಹೆಬ್ಬೆರಳಿನ ಅರ್ಧಕ್ಕೆ ಬಂದರೆ ಹೆಚ್ಚು. ಅವರಲ್ಲಿ ರಾಕ್ಷಸರಿದ್ದಾರೆ, ಮಂತ್ರವಾದಿಗಳಿದ್ದಾರೆ, ಮುಂದಿನ ಸಾವಿರಾರು ವರ್ಷಗಳಾಚೆಯ ಕವಚಧಾರಿಗಳೂ ಇದ್ದಾರೆ. ಆಟದ ನಿಯಮಗಳ ಗೋಜು ಇಂದು ಬೇಡ. ನನಗೆ ಹೆಚ್ಚು ರುಚಿಸುವುದು ಆಟಕ್ಕೆ ಮುಂಚಿನ ಕೆಲಸ: ಪೆಟ್ಟಿಗೆಯಲ್ಲಿ ಬೂದು ಪ್ಲಾಸ್ಟಿಕ್ ತುಂಡುಗಳಾಗಿ ಬರುವ ಈ ಬೊಂಬೆಗಳಿಗೆ ಕೈಕಾಲು ಅಂಟಿಸಿ ಬಣ್ಣ ಹಚ್ಚುವುದು. ವರ್ಷಗಟ್ಟಲೆ ಬಣ್ಣ ಹಚ್ಚಿಯೂ ಒಮ್ಮೆಯೂ ಆಟಕ್ಕೆ ಕೂರದವರು ಬೇಕಾದಷ್ಟು ಮಂದಿ. ಅವರನ್ನು ಕಂಡರೆ ಆಟಗಾರರು ನಗುತ್ತಾರೆ, ನಗಲಿ.

ಈ ಹವ್ಯಾಸ ಶುರುವಾದದ್ದೇ ಸಿಕ್ಕಿದ್ದನ್ನು ಹೆಕ್ಕಿಕೊಳ್ಳುವುದರಿಂದ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಅಗ್ಗದ ಅಂಗಡಿಯಿಂದ ಹಾಂಗ್‌ಕಾಂಗ್‌ನಲ್ಲಿ ತಯಾರಾದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ತಂದಿದ್ದರು. ಯಾವ ಪ್ರಾಣಿಯೆಂದು ಯಾರೂ ಹೇಳಲಾಗದ ಆಕಾರಗಳು ಅವು. ಮೇಜಿನ ಮೇಲೆ ಅವೇ ರಾಕ್ಷಸ ಜಂತುಗಳಾದವು. ಕಬ್ಬಿಣವನ್ನು ತುಕ್ಕು ಹಿಡಿಸಿ ತಿನ್ನುವ ಜೀವಿ, ಗೂಬೆಯ ಮುಖದ ಕರಡಿ, ಎರಡೂ ಅಲ್ಲಿಂದಲೇ ಎದ್ದು ಬಂದವು. ಮೊದಲು ಬೊಂಬೆ, ಆಮೇಲೆ ಅದರ ಕಥೆ!

ಇಂಗ್ಲೆಂಡಿನಲ್ಲಿ 1975ರಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ‘ವಾರ್‌ಹ್ಯಾಮರ್’ ಆಟವನ್ನೂ 1987ರಲ್ಲಿ ಅದರ ವೈಜ್ಞಾನಿಕ ಕಲ್ಪನೆಯ ರೂಪವಾದ ‘ವಾರ್‌ಹ್ಯಾಮರ್ 40,000’ವನ್ನೂ ತಂದಿತು. ಆ ಮೊದಲ ವರ್ಷಗಳಲ್ಲಿ ಕಂಪನಿಯ ಪತ್ರಿಕೆಯೇ, ಖಾಲಿಯಾದ ಡಿಯೋಡರೆಂಟ್ ಡಬ್ಬಿಯಿಂದ ಗಾಳಿಯಲ್ಲಿ ತೇಲುವ ಯುದ್ಧವಾಹನ ಮಾಡುವುದು ಹೇಗೆಂದು ಓದುಗರಿಗೆ ಹೇಳಿಕೊಟ್ಟಿತ್ತು. ನಾಟಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿರುವ ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಸೂಚ್ಯಂಕಕ್ಕೆ ಸೇರಿತು. ಈಗ ಪ್ರತಿಯೊಂದು ವಾಹನಕ್ಕೂ ಸಿದ್ಧ ಪೆಟ್ಟಿಗೆಯಿದೆ, ಬೆಲೆಯೂ ಬಲು ದುಬಾರಿ. ಡಬ್ಬಿ ಕತ್ತರಿಸುವ ಕಾಲವೇ ಚೆನ್ನಾಗಿತ್ತು ಎಂದು ನನಗೆ ಅನ್ನಿಸುವುದುಂಟು.

ಆದರೆ ಕತ್ತರಿಸುವವರು ಈಗಲೂ ಕತ್ತರಿಸುತ್ತಾರೆ. ಒಂದು ಪೆಟ್ಟಿಗೆಯ ತಲೆ, ಇನ್ನೊಂದರ ಮುಂಡ, ಮೂರನೆಯದರ ಕೊಡಲಿ ಸೇರಿಸಿ ಯಾರ ಬಳಿಯೂ ಇಲ್ಲದ ನಾಯಕನನ್ನು ಕಟ್ಟುತ್ತಾರೆ. ಪ್ಲಾಸ್ಟಿಕ್‌ಗೆ ಅದನ್ನೇ ತುಸು ಕರಗಿಸಿ ಬೆಸೆಯುವ ಅಂಟು ಬೇಕು. ಲೋಹಕ್ಕೆ ಅದು ಹಿಡಿಯುವುದಿಲ್ಲ. ಭಾರದ ಲೋಹದ ಬೊಂಬೆಯಾದರೆ ಭುಜಕ್ಕೂ ತೋಳಿಗೂ ಕೈ ಡ್ರಿಲ್‌ನಿಂದ ಸಣ್ಣ ರಂಧ್ರ ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತೂರಿಸಿ, ಸೂಪರ್ ಗ್ಲೂ ಹಾಕುತ್ತಾರೆ. ಸಂದುಗಳನ್ನು ತುಂಬಲು, ಮೇಲಂಗಿಯ ಹೊಸ ಅಂಚು ತಿದ್ದಲು ಹಳದಿ, ನೀಲಿ ಎರಡು ಪಟ್ಟಿಗಳನ್ನು ಮಿದ್ದಿ ಹಸಿರು ಮಾಡಿಕೊಳ್ಳುವ ಎಪಾಕ್ಸಿ ಮುದ್ದೆಯಿದೆ. ನಮ್ಮ ಮನೆಗಳಲ್ಲಿ ಸೋರುವ ಪೈಪಿಗೆ ಮೆತ್ತುವ ಎಂ-ಸೀಲ್ ಇದೇ ಜಾತಿಯದು. ಅದು ಬೇಗ ಗಟ್ಟಿಯಾಗುತ್ತದೆ, ನಯ ಕಡಿಮೆ. ಆದರೂ ಬೊಂಬೆಯ ಕಾಲಡಿಯ ಬಂಡೆ, ಮಣ್ಣುಗುಡ್ಡೆಗಳಿಗೆ ಧಾರಾಳವಾಗಿ ಸಾಕು.

ಇನ್ನು ಬಣ್ಣ. ಇಲ್ಲೊಂದು ತೊಡಕಿದೆ. ಇಷ್ಟು ಚಿಕ್ಕ ಬೊಂಬೆಗೆ ತನ್ನದೇ ನೆರಳು ಇರುವುದಿಲ್ಲ. ಮೇಲಂಗಿಯ ಮಡಿಕೆ ಅರ್ಧ ಮಿಲಿಮೀಟರ್ ಆಳ. ಟ್ಯೂಬ್‌ಲೈಟ್ ಕೆಳಗೆ, ತೋಳಳತೆಯ ದೂರದಲ್ಲಿ ಅದು ಕಾಣುವುದೇ ಇಲ್ಲ. ಕೆಂಪು ಬಟ್ಟೆಗೆ ಕೆಂಪನ್ನಷ್ಟೇ ಹಚ್ಚಿಟ್ಟರೆ ಕಾಣುವುದು ಒಂದು ಕೆಂಪು ಚುಕ್ಕೆ. ಆದ್ದರಿಂದ ನೆರಳನ್ನೂ ಬೆಳಕನ್ನೂ ಕುಂಚದಿಂದಲೇ ಬರೆಯಬೇಕು, ಅದೂ ಅತಿಯಾಗಿ. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿದವರಿಗೆ ಈ ಲೆಕ್ಕ ಗೊತ್ತು. ಅಲ್ಲಿ ಹೆಚ್ಚಾಯಿತೆನಿಸಿದ ಗೆರೆ ರಂಗಸ್ಥಳದಲ್ಲಿ ಸರಿಯಾಗಿ ಕೂರುತ್ತದೆ.

ಆ ಕೆಂಪು ಮೇಲಂಗಿಯನ್ನೇ ತೆಗೆದುಕೊಳ್ಳಿ. ಮೊದಲು ಪ್ರೈಮರ್, ಅದಿಲ್ಲದೆ ಅಕ್ರಿಲಿಕ್ ಬಣ್ಣ ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳುವುದಿಲ್ಲ. ಮೇಲೆ ನೀರು ಬೆರೆಸಿದ ಕೆಂಪು, ತೆಳುವಾಗಿ ಎರಡು ಸಲ. ಒಂದೇ ಸಲ ದಪ್ಪಗೆ ಬಳಿದರೆ ಮಡಿಕೆಗಳೆಲ್ಲ ಮುಚ್ಚಿಹೋಗುತ್ತವೆ. ಮಡಿಕೆಯ ಆಳಕ್ಕೆ ಕಪ್ಪು ಬೇಡ, ಕೆಂಪು ಸತ್ತುಹೋಗುತ್ತದೆ. ನೇರಳೆ ಛಾಯೆಯ ಕಂದು ಇಡಬೇಕು. ಉಬ್ಬಿದ ಕಡೆಗೆ ಬಿಳಿ ಬೆರೆಸಿದರೆ ಮಹಾರಾಜರು ಗುಲಾಬಿ ಶಾಲು ಹೊದ್ದು ನಿಲ್ಲುತ್ತಾರೆ. ಅಲ್ಲಿಗೆ ಕಿತ್ತಳೆ, ತುತ್ತತುದಿಯ ಅಂಚಿಗೆ ಮಾತ್ರ ಮಾಸಲು ಹಳದಿಯ ಕೂದಲೆಳೆ. ಕಣ್ಣಿಗೆ ಮೊದಲು ತಿಳಿಬಣ್ಣದ ಗೀಟು, ಅದರ ನಡುವೆ ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆಯವರೆಗೆ ಕಪ್ಪು ಗೆರೆ. ಕಪ್ಪು ಚುಕ್ಕೆಯನ್ನು ಬಿಳಿಯ ನಡುವೆ ಒಂಟಿಯಾಗಿ ಬಿಟ್ಟಿರೋ, ಎಂಥ ವೀರನೂ ದೆವ್ವ ಕಂಡವನಂತೆ ಕಣ್ಣು ಬಿಡುತ್ತಾನೆ.

ಇದರ ತುತ್ತತುದಿಯ ಪಟ್ಟೆಂದರೆ, ಹೊಳಪಿನ ಬಣ್ಣ ಮುಟ್ಟದೆ ಲೋಹ ತೋರಿಸುವುದು. ಬೂದು, ಕಪ್ಪು, ಬಿಳಿಗಳಲ್ಲೇ ಉಕ್ಕಿನ ಕತ್ತಿ. ಕಂದು, ಹಳದಿ, ಬಿಳಿಗಳಲ್ಲೇ ಚಿನ್ನ. ಕತ್ತಿಯ ಅಲಗಿನಲ್ಲಿ ಬೆಳಕು ಎಲ್ಲಿ ಬೀಳುತ್ತದೆಂದು ಮೊದಲೇ ತೀರ್ಮಾನಿಸಿರಬೇಕು. ಬೊಂಬೆಯನ್ನು ತಿರುಗಿಸಿದರೂ ಆ ಬೆಳಕು ಕದಲುವುದಿಲ್ಲವಾದ್ದರಿಂದ ಒಂದೇ ಕೋನದಲ್ಲಿ ಅದು ಪೂರ್ತಿ ನಿಜ. 1987ರಿಂದ ನಡೆದುಬಂದ ‘ಗೋಲ್ಡನ್ ಡೀಮನ್’ ಸ್ಪರ್ಧೆಯಲ್ಲಿ ಇಂಥ ಕುಸುರಿಗೆ ಬಹಳ ಮನ್ನಣೆ. ಅಲ್ಲಿ ಎಲ್ಲರನ್ನೂ ಮೀರಿಸಿದವರಿಗೆ ಸಿಗುವ ಬಹುಮಾನ ಆಳುದ್ದದ ಕತ್ತಿ.

ಇಡೀ ಸೈನ್ಯಕ್ಕೆ ಹೀಗೆ ಕೂತರೆ ಆಯುಸ್ಸು ಸಾಲದು. ಅದಕ್ಕೆ ಒಳದಾರಿಗಳಿವೆ. ನೀರಿನಂಥ ಕಡುಬಣ್ಣ ಹರಿಸಿದರೆ ಅದು ತಾನಾಗಿ ಕುಳಿಗಳಿಗೆ ಇಳಿದು ನೆರಳಾಗುತ್ತದೆ. ಕುಂಚದ ಬಣ್ಣವನ್ನು ಬಹುಪಾಲು ಒರೆಸಿ ಮೇಲೆ ಸವರಿದರೆ ಉಬ್ಬುಗಳಷ್ಟೇ ಬೆಳಗುತ್ತವೆ. ಒಂದೇ ಬಳಿತದಲ್ಲಿ ಬಣ್ಣವೂ ನೆರಳೂ ಬರುವ ‘ಕಾಂಟ್ರಾಸ್ಟ್’ ಬಣ್ಣಗಳು 2019ರಲ್ಲಿ ಬಂದವು. ಸಾಲಿನ ಸೈನಿಕರಿಗೆ ಧಾರಾಳವಾಗಿ ಬಳಸಿ. ನಾಯಕನ ಮುಖಕ್ಕೆ ಮಾತ್ರ ದಯವಿಟ್ಟು ಬೇಡ.

ನಮ್ಮಲ್ಲಿ ಈ ಕೆಲಸಕ್ಕೆ ಕೈ ಹಾಕುವವರಿಗೆ ಎರಡು ಮಾತು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದರೆ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಬೇಡಿ. ತೇವದ ಗಾಳಿಗೆ ಅದು ಹಿಟ್ಟು ಉದುರಿಸಿದಂತೆ ಬಿಳಿಚಿಕೊಂಡು ತರಿತರಿಯಾಗುತ್ತದೆ. ಕುಂಚದಿಂದ ಹಚ್ಚುವ ಪ್ರೈಮರ್ ತೆಗೆದುಕೊಳ್ಳಿ. ಎರಡನೆಯದು ಕುಂಚ. ಪಾಶ್ಚಾತ್ಯರ ಅಚ್ಚುಮೆಚ್ಚು ಕೊಲಿನ್‌ಸ್ಕಿ, ಅಂದರೆ ಸೈಬೀರಿಯಾದ ವೀಸಲ್ ಎಂಬ, ಮುಂಗುಸಿಯನ್ನು ಹೋಲುವ ಪುಟ್ಟ ಪ್ರಾಣಿಯ ಬಾಲದ ಕೂದಲು. ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ವಿಕ್ಟೋರಿಯಾ ರಾಣಿಗೆಂದು ಮಾಡಿಕೊಟ್ಟ ಕುಂಚಗಳ ಮಾಲಿಕೆ ಈಗಲೂ ಮಾರಾಟದಲ್ಲಿದೆ. ಇಲ್ಲಿ ಅಗ್ಗಕ್ಕೆ ಪ್ರಾಣಿ ಕೂದಲಿನ ಕುಂಚ ಸಿಕ್ಕರೆ ಅದು ಮುಂಗುಸಿಯದಲ್ಲ ಎಂದು ಖಚಿತ ಮಾಡಿಕೊಳ್ಳಿ. ಆ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದಕ್ಕಾಗಿ ಸಾಯುವ ಮುಂಗುಸಿಗಳೂ ಕಡಿಮೆಯೇನಲ್ಲ. ಕಲಿಯುವವರಿಗೆ ಒಳ್ಳೆಯ ಸಿಂಥೆಟಿಕ್ ಸಾಕು. ಕಣ್ಣು ಬರೆಯಲೆಂದು ಮೂರು ಸೊನ್ನೆಯ ತೀರ ಸಣ್ಣ ಕುಂಚ ಕೊಳ್ಳಲು ಹೋಗಬೇಡಿ; ಅದರ ತುದಿ ತಲುಪುವಷ್ಟರಲ್ಲಿ ಬಣ್ಣ ಒಣಗಿರುತ್ತದೆ. ಒಂದನೇ ನಂಬರಿನದನ್ನು ನೀರಿಗೆ ಅದ್ದಿ ನೋಡಿ, ತುದಿ ಸೂಜಿಯಂತೆ ಕೂಡಿದರೆ ಅದನ್ನೇ ತನ್ನಿ.

ನಮಸ್ಕಾರ.