ಹದಿಮೂರರ ಮಗ್ಗಿ ಹೇಳುತ್ತಾ ಓಡಿ

ನಮಸ್ಕಾರ, ಕೇಳುಗರೇ.

ಓಡಲು ಹೊರಟ ಮೊದಲ ದಿನ ನಾನು ನಾಲ್ಕು ಸಲ ಶೂ ಲೇಸ್ ಕಟ್ಟಿಕೊಂಡೆ. ಲೇಸ್ ಒಂದು ಸಲವೂ ಬಿಚ್ಚಿರಲಿಲ್ಲ. ಎದುರಿಗೆ ಯಾರಾದರೂ ಬಂದರೆ ದಮ್ಮು ಕಟ್ಟಿ ನಿಂತದ್ದು ಕಾಣಬಾರದಲ್ವಾ? ಅದಕ್ಕೇ ಬಗ್ಗಿ ಲೇಸ್ ಹಿಡಿದುಕೊಳ್ಳುತ್ತಿದ್ದೆ. ನಾಲ್ಕನೇ ಸಲ ಬಗ್ಗಿದವನಿಗೆ ಬೇಗ ಏಳೋಕೂ ಆಗಲಿಲ್ಲ. ಮನೆಗೆ ನಡೆದೇ ಬಂದೆ. ಇದು ನಮ್ಮಂಥವರ ಕೈಲಾಗುವ ಕೆಲಸ ಅಲ್ಲ ಅಂತ ಶೂ ಮೂಲೆ ಸೇರಿತು. ಎಂಟು ತಿಂಗಳು ಅಲ್ಲೇ ಇತ್ತು.

ಶ್ವಾಸಕೋಶಕ್ಕೇ ಶಕ್ತಿ ಇಲ್ಲ ಅಂದುಕೊಂಡಿದ್ದೆ. ತಪ್ಪು ಅದರದ್ದಾಗಿರಲಿಲ್ಲ. ಓಟ ಅಂದರೆ ನನ್ನ ತಲೆಯಲ್ಲಿದ್ದದ್ದು ಶಾಲೆಯ ಪಂದ್ಯ. ಸೀಟಿ ಊದಿದರು, ಕಣ್ಣು ಮುಚ್ಚಿ ನುಗ್ಗು. ಅದೇ ಥರ ನುಗ್ಗಿದ್ದೆ.

ಓಟ ಶುರು ಮಾಡಿದ ಕೂಡಲೇ ಕಾಲಿನ ಸ್ನಾಯುಗಳು ಜಾಸ್ತಿ ಆಮ್ಲಜನಕ ಕೇಳುತ್ತವೆ. ಅದನ್ನು ಪೂರೈಸುವ ವ್ಯವಸ್ಥೆ ಹದಕ್ಕೆ ಬರಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಮೈ ಸಾಲದಲ್ಲಿ ಸಂಸಾರ ಮಾಡುತ್ತದೆ. ವರ್ಷಗಟ್ಟಲೆ ಓಡಿದವರಿಗೂ ಮೊದಲ ಕೆಲವು ನಿಮಿಷ ತಿಣುಕಾಟವೇ. ಹೊಸಬರು ಇಲ್ಲೇ ಸೋತೆವು ಅಂದುಕೊಳ್ಳುತ್ತಾರೆ. ಐದು ನಿಮಿಷ ಬಿರುಸಾಗಿ ನಡೆದು, ಆಮೇಲೆ ಓಟಕ್ಕೆ ಹೊರಳಿದರೆ ಈ ತಿಣುಕಾಟ ಎಷ್ಟೋ ಕಮ್ಮಿಯಾಗುತ್ತದೆ.

ಇನ್ನು ಏದುಸಿರು. ಗಾಳಿ ಸಾಲುತ್ತಿಲ್ಲ ಅನ್ನಿಸಿ ನಾವು ಬಾಯಿ ತೆರೆದು ಗಬಗಬ ಒಳಗೆಳೆಯುತ್ತೇವೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕದ ಮಟ್ಟ ಓಡುವಾಗಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಉಸಿರಾಡು ಅಂತ ಮಿದುಳು ಒತ್ತಾಯ ಮಾಡುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ನೋಡಿ. ಅದು ಹೊರಗೆ ಹೋಗಬೇಕು. ಅರ್ಧಂಬರ್ಧ ಉಸಿರು ಬಿಟ್ಟು ಮೇಲಿಂದ ಮೇಲೆ ಎಳೆದರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಅದಕ್ಕೇ ದಮ್ಮು ಹತ್ತಿದಾಗ ಮೊದಲು ಉಸಿರನ್ನು ಪೂರ್ತಿ ಬಿಡಿ. ತುಟಿ ಸ್ವಲ್ಪ ಕೂಡಿಸಿ, ಬಿಸಿ ಹಾಲು ಆರಿಸುವ ಹಾಗೆ, ನಿಧಾನಕ್ಕೆ. ಎಳೆದುಕೊಳ್ಳುವುದು ತಾನಾಗಿಯೇ ಆಗುತ್ತದೆ.

ಈಗ ಕೂತಲ್ಲೇ ಒಂದು ಕೆಲಸ ಮಾಡಿ. ಗಾಡಿ ಓಡಿಸುತ್ತಾ ಕೇಳುತ್ತಿರುವವರು ಬೇಡ! ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಡಿ. ಉಸಿರು ಎಳೆದುಕೊಳ್ಳಿ. ಯಾವ ಕೈ ಮೊದಲು ಎದ್ದಿತು? ಎದೆಯ ಕೈ ಎದ್ದು ಹೆಗಲೂ ಮೇಲಕ್ಕೆ ಹೋದರೆ ನೀವು ಮೇಲುಸಿರಿನವರು. ಶ್ವಾಸಕೋಶದ ಕೆಳಗೆ, ಬೋರಲು ಹಾಕಿದ ಬಟ್ಟಲಿನ ಥರ, ವಪೆ ಎಂಬ ಸ್ನಾಯು ಇದೆ. ಅದು ಕೆಳಗಿಳಿದಾಗ ಹೊಟ್ಟೆ ಮುಂದಕ್ಕೆ ಬರುತ್ತದೆ, ಗಾಳಿ ಆಳಕ್ಕೆ ಹೋಗುತ್ತದೆ. ಮಲಗುವ ಮೊದಲು ದಿನಾ ಐದು ನಿಮಿಷ ಹೊಟ್ಟೆಯ ಕೈ ಏಳುವಂತೆ ಉಸಿರಾಡಿ. ಓಡುತ್ತಾ ಕಲಿಯುವ ವಿದ್ಯೆ ಅಲ್ಲ ಇದು.

ಮೂಗೋ ಬಾಯೋ ಅಂತ ತುಂಬ ಜನ ಕೇಳುತ್ತಾರೆ. ಮೂಗು ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ ಕಳಿಸುತ್ತದೆ, ಒಳ್ಳೆಯದೇ. ಆದರೆ ಓಟ ಜೋರಾದಾಗ ಅದೊಂದೇ ಸಾಲದು. ಬಾಯಿ ತಾನಾಗಿ ತೆರೆದುಕೊಂಡರೆ ತೆರೆಯಲಿ ಬಿಡಿ.

ಹೆಜ್ಜೆಗೂ ಉಸಿರಿಗೂ ತಾಳ ಕೂಡಿಸುವವರಿದ್ದಾರೆ. ನಾಗಾಲೋಟದ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ನಮಗೆ ಆ ಕಟ್ಟು ಇಲ್ಲ. 1983ರಲ್ಲಿ ಡೆನ್ನಿಸ್ ಬ್ರಾಂಬಲ್ ಮತ್ತು ಡೇವಿಡ್ ಕ್ಯಾರಿಯರ್ ಎಂಬ ವಿಜ್ಞಾನಿಗಳು ಮನುಷ್ಯರ ಓಟದಲ್ಲಿ ಬೇರೆ ಬೇರೆ ತಾಳಗಳನ್ನು ಗುರುತಿಸಿದರು. ಹೆಚ್ಚಾಗಿ ಕಂಡದ್ದು ನಾಲ್ಕು ಹೆಜ್ಜೆಗೆ ಒಂದು ಉಸಿರು. ನಾನೂ ಲೆಕ್ಕ ಹಾಕಿ ನೋಡಿದೆ. ಎರಡು ಹೆಜ್ಜೆ ಒಳಗೆ, ಎರಡು ಹೆಜ್ಜೆ ಹೊರಗೆ. ಲೆಕ್ಕ ತಪ್ಪಿತು, ಉಸಿರೂ ತಪ್ಪಿತು! ಒಗ್ಗಿದರೆ ಮಾಡಿ, ಇಲ್ಲದಿದ್ದರೆ ಬಿಟ್ಟುಬಿಡಿ.

ನನಗೆ ಒಗ್ಗಿದ್ದು ಮಗ್ಗಿ. ಓಡುತ್ತಾ ಮಾತಾಡಲು ಆಗುವಷ್ಟೇ ವೇಗ ಇರಲಿ ಅಂತ ಹೇಳುತ್ತಾರೆ. ಒಬ್ಬನೇ ಓಡುವವನು ಯಾರ ಹತ್ತಿರ ಮಾತಾಡಲಿ? ಅದಕ್ಕೆ ಹದಿಮೂರರ ಮಗ್ಗಿ ಹಿಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಒಂದು ಸಾಲು ಪೂರ್ತಿ ಬಂದರೆ ವೇಗ ಸರಿ ಇದೆ. ‘ಹದಿಮೂರೆರಡ್ಲ’ ಅಂದಲ್ಲಿಗೇ ಉಸಿರು ತುಂಡಾದರೆ ವೇಗ ಜಾಸ್ತಿಯಾಯಿತು, ಇಳಿಸಬೇಕು. ಎಷ್ಟು ಇಳಿಸಬೇಕು? ಪಕ್ಕದಲ್ಲಿ ನಡೆಯುವವರು ನಮ್ಮನ್ನು ದಾಟಿ ಹೋದರೂ ಪರವಾಗಿಲ್ಲ, ಅಷ್ಟು. ನಾಚಿಕೆ ಎರಡು ವಾರ ಇರುತ್ತದೆ, ಆಮೇಲೆ ಹೋಗುತ್ತದೆ.

ಅಷ್ಟು ನಿಧಾನಕ್ಕೂ ಆಗದಿದ್ದರೆ ನಡುನಡುವೆ ನಡೆಯಿರಿ. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬವರು ತಮ್ಮ ಅಮ್ಮನನ್ನು ಓಟಕ್ಕೆ ಹಚ್ಚಬೇಕು ಅಂತ ಒಂಬತ್ತು ವಾರದ ಕ್ರಮ ಮಾಡಿದರು. ಮೊದಲ ವಾರದಲ್ಲಿ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಹೀಗೇ 20 ನಿಮಿಷ, ವಾರಕ್ಕೆ ಮೂರೇ ದಿನ. ‘ಕೌಚ್ ಟು ಫೈವ್ ಕೆ’, ಅಂದರೆ ಸೋಫಾದಿಂದ ಐದು ಕಿಲೋಮೀಟರ್ ಓಟಕ್ಕೆ, ಅಂತ ಅದು ಲೋಕಕ್ಕೆಲ್ಲ ಹಬ್ಬಿತು. ಆ ಮೊದಲ ವಾರದಲ್ಲಿ ಓಟಕ್ಕಿಂತ ನಡಿಗೆಯ ಹೊತ್ತೇ ಜಾಸ್ತಿ, ಗಮನಿಸಿದಿರಾ?

ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಅನ್ನುವ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಜೀವ ಬಾಯಿಗೆ ಬರುವ ಹಾಗೆ ಓಡಿ ಬಂದವನಿಗೆ ನಾಳೆ ಅಲಾರಂ ಹೊಡೆದಾಗ ನೆನಪಾಗುವುದು ಆ ಸಂಕಟವೇ. ಹೊದಿಕೆ ಎಳೆದುಕೊಳ್ಳದೆ ಇನ್ನೇನು ಮಾಡಿಯಾನು? ಇನ್ನೂ ಸ್ವಲ್ಪ ಓಡಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಿ ಬನ್ನಿ.

ಒಂದು ದಿನ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕು ಅನ್ನುವ ಅಂದಾಜು ಬಂತು. ನಡುವೆ ಒಂದು ದಿನ ಬಿಟ್ಟವರಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ.

ಒಂದು ಎಚ್ಚರಿಕೆ. ಕೆಲವು ವಾರಕ್ಕೆ ಉಸಿರು ಹಗುರಾಗುತ್ತದೆ, ಆದರೆ ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಐದಾರನೇ ವಾರದಲ್ಲಿ ‘ಈಗ ಆಗುತ್ತೆ’ ಅಂತ ಹುಮ್ಮಸ್ಸಿನಲ್ಲಿ ಎರಡರಷ್ಟು ಓಡಿ ಮೊಣಕಾಲು ನೋಯಿಸಿಕೊಳ್ಳಬೇಡಿ. ಪಕ್ಕೆ ಹಿಡಿದುಕೊಂಡರೆ ನಡಿಗೆಗೆ ಇಳಿಯಿರಿ, ಹೊಟ್ಟೆ ತುಂಬ ತಿಂದ ಕೂಡಲೇ ಓಡಬೇಡಿ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಉಬ್ಬಸ, ಹೃದಯದ ತೊಂದರೆ ಇರುವವರು ಅವರನ್ನು ಕೇಳಿಯೇ ಶುರು ಮಾಡಿ.

ಎಂಟು ತಿಂಗಳ ಮೇಲೆ ನಾನು ಮೂಲೆಯ ಶೂ ಹೊರತೆಗೆದೆ. ಧೂಳು ಕೊಡವಿ, ಮೊದಲ ವಾರ ಬರೀ ನಡೆದೆ. ಆರನೇ ವಾರದ ಒಂದು ಬೆಳಿಗ್ಗೆ ಮಗ್ಗಿ ಎಲ್ಲೂ ತುಂಡಾಗದೆ ‘ಹದಿಮೂರ್ ಹತ್ಲ ನೂರಮೂವತ್ತು’ ಮುಟ್ಟಿತು. ಮತ್ತೆ ಹದಿನಾಲ್ಕರದ್ದು ಶುರು ಮಾಡಿದೆ. ನಡುವೆ ಒಮ್ಮೆ ಬಗ್ಗಿ ಲೇಸ್ ಕಟ್ಟಬೇಕಾಯಿತು. ಈ ಸಲ ಅದು ನಿಜವಾಗಿಯೂ ಬಿಚ್ಚಿಹೋಗಿತ್ತು.

ನಮಸ್ಕಾರ.